ಮಿಕ್ಸಿ ಜಾರಿನ ತಳ

ಅಟ್ಟೂರು
ಶನಿವಾರ, 2 ಆಗಸ್ಟ್ 2025

ಸೌ. ಕೌಸಲ್ಯಾಗೆ,

ಇಲ್ಲಿ ನಾನು ಕ್ಷೇಮ, ಅಂದರೆ ಉಪ್ಪಿಟ್ಟು ತಿಂದುಕೊಂಡು ಬದುಕಿದ್ದೇನೆ. ನೀನು ಯಶವಂತಪುರದ ಅಕ್ಕನ ಮನೆಗೆ ಹೋಗಿ ಹನ್ನೊಂದು ದಿನವಾಯಿತು. ಫೋನ್ ಮಾಡಿದರೆ ನಾಗಲಕ್ಷ್ಮಿ ಅತ್ತಿಗೆ ಎತ್ತಿ, "ಮಲಗಿದಾಳೆ ಕಣ್ರೀ" ಅನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಅದೇ, ಸಂಜೆ ಐದಕ್ಕೂ ಅದೇ. ಮೂವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ನೀನು ಇಷ್ಟು ನಿದ್ದೆ ಮಾಡಿದವಳಲ್ಲ. ಅದಕ್ಕೇ ಈ ಕಾಗದ. ಬರೆಯುವುದು ತಡವಾಯಿತು, ತಪ್ಪಾಯಿತು.

ಮೊದಲು ಸಮಾಚಾರ. ಬುಧವಾರ ಗಂಗಾನಗರಕ್ಕೆ, ವಕೀಲ ಗುರುಚರಣ್ ಆಫೀಸಿಗೆ ಹೋಗಿದ್ದೆ. ನಮ್ಮ ತಳ ಬಿಚ್ಚುವ ಮಿಕ್ಸಿ ಜಾರಿಗೆ ಪೇಟೆಂಟ್ ಕೊಡಬಾರದು ಅಂತ ಆ ಮಿಕ್ಸಿ ಕಂಪನಿಯವರು ತಕರಾರು ಹಾಕಿದ್ದಾರಲ್ಲ, ಅದಕ್ಕೆ ಉತ್ತರ ಕೊಡಬೇಕಿತ್ತು. ಅವರ ಸಾಕ್ಷಿ ನಿನಗೆ ಗೊತ್ತೇ ಇದೆ. ಮೂರು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬದ ದಿನ, ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ ನೀನು ಜಾರಿನ ತಳ ತಿರುಗಿಸಿ, ಬ್ಲೇಡು ಎತ್ತಿ, ಅಡಿಯಲ್ಲಿ ಸಿಕ್ಕಿಕೊಂಡ ಚಟ್ನಿಯನ್ನು ಚಮಚದಲ್ಲಿ ಬಳಿದು ತೋರಿಸಿದೆ. ಕೆಳಗಿನ ಮನೆ ಸ್ಮಿತಾ ಅದನ್ನು ವಿಡಿಯೋ ಮಾಡಿ ತನ್ನ ಅಡುಗೆ ಚಾನೆಲ್ಲಿಗೆ ಹಾಕಿದಳು. ನಾನು ಅರ್ಜಿ ಹಾಕಿದ್ದು ಅದಾದ ಮೂರು ತಿಂಗಳಿಗೆ. ಊರಿಗೆಲ್ಲ ತೋರಿಸಿಯಾದ ಮೇಲೆ ಅದು ಹೊಸದಲ್ಲ ಅನ್ನುತ್ತದೆ ಕಾನೂನು.

ನೋಟಿಸು ಬಂದ ದಿನ ಸ್ಮಿತಾ ಎದುರಿಗೇ ನಿನ್ನನ್ನು ಬೈದೆ. "ನಿನ್ನ ಜಂಭ ನನ್ನ ಮೂರು ವರ್ಷ ಹಾಳ್ಮಾಡ್ತು" ಅಂದೆ. ನೀನು ಬ್ಯಾಗಿಗೆ ಬಟ್ಟೆ ತುಂಬಿಕೊಂಡೆ.

ಗುರುಚರಣ್ ಒಂದು ಉಪಾಯ ಹೇಳಿದ. "ಸಾರ್, ಒಂದ್ ಅಫಿಡವಿಟ್ ಹಾಕೋಣ. ನಿಮ್ ಮಿಸೆಸ್ಸು ನಿಮ್ಗೆ ಗೊತ್ತಿಲ್ದೇ, ಕದ್ದು ತೋರಿಸ್ಬಿಟ್ರು ಅಂತ. ಆಗ ಪೇಟೆಂಟ್ ಉಳಿಯೋ ಛಾನ್ಸ್ ಇದೆ." ಟೈಪು ಮಾಡಿಯೇ ಇಟ್ಟಿದ್ದ. ನಾನು ಪೆನ್ನು ಮುಟ್ಟಲಿಲ್ಲ. "ಅಲ್ಲಪ್ಪಾ, ಚಟ್ನಿ ಬಳಿಯೋಕೆ ಹೋಗಿ ಯಾರ ಬೆರಳು ಬ್ಲೇಡಿಗೆ ಕುಯ್ದು ಈ ಜಾರು ಹುಟ್ತೋ ಅವಳನ್ನೇ ಕಳ್ಳಿ ಮಾಡು ಅಂತೀಯಾ?" ಅಂದೆ. "ಸೆಂಟಿಮೆಂಟ್ ನೋಡಿದ್ರೆ ಕೇಸ್ ನಿಲ್ಲಲ್ಲ ಸಾರ್" ಅಂದ. ನಿಲ್ಲದಿದ್ದರೆ ಮಲಗಲಿ ಬಿಡು ಅಂತ ಹೇಳಿ ಎದ್ದು ಬಂದೆ.

ಮನೆಗೆ ಬಂದು ನಾನೇ ಉತ್ತರ ಬರೆದೆ. ವಿಡಿಯೋ ನಿಜ, ನನ್ನ ಹೆಂಡತಿ ನನ್ನ ಎದುರಿಗೇ, ನನ್ನ ಒಪ್ಪಿಗೆಯಿಂದಲೇ ತೋರಿಸಿದಳು ಅಂತ. ನಿನ್ನೆ ಸ್ಪೀಡ್ ಪೋಸ್ಟ್ ಮಾಡಿದೆ. ಇನ್ನು ಪೇಟೆಂಟ್ ಬರುವುದಿಲ್ಲ. ಹೋದರೆ ಹೋಗಲಿ, ನನ್ನ ಕೈ ಹೋಯಿತೇ? ಪೀಣ್ಯದ ಟೂಲ್ ರೂಮಿನಲ್ಲಿ ಮೂವತ್ತೆರಡು ವರ್ಷ ಕಬ್ಬಿಣ ತಿದ್ದಿದ ಕೈ ಇದು. ಊರಿಗೆಲ್ಲ ತೋರಿಸಿದ್ದು ನಮ್ಮ ಸ್ವತ್ತಲ್ಲ ಅಂದಮೇಲೆ ಆ ಕಂಪನಿಯವರ ಸ್ವತ್ತೂ ಅಲ್ಲ. ಅಟ್ಟೂರಿನಲ್ಲಿ ಯಾರು ಹಳೇ ಜಾರು ತಂದರೂ ಹೊಸ ತಳ ಕೂರಿಸಿಕೊಡುತ್ತೇನೆ, ಕೇಳಿದವರಿಗೆ ಮಾಡುವುದನ್ನೂ ಹೇಳಿಕೊಡುತ್ತೇನೆ. ಸ್ಮಿತಾ ಅಳುಮುಖ ಮಾಡಿಕೊಂಡು, "ವಿಡಿಯೋ ತೆಗೆದ್ಬಿಡ್ಲಾ ಅಂಕಲ್?" ಅಂದಳು. ತೆಗೆಯಬೇಡ, ಇನ್ನೊಂದು ಮಾಡಿ ಹಾಕಮ್ಮ ಅಂದೆ.

ಶುಕ್ರವಾರ ಮತ್ತೆ ಅದೇ ಹಬ್ಬ. ಕಳಶಕ್ಕೆ ನಾನು ಸೀರೆ ಉಡಿಸಲು ಹೋದರೆ ದೇವಿಯೂ ಅಕ್ಕನ ಮನೆಗೆ ಹೊರಟುಹೋದಾಳು. ಬಂದುಬಿಡು. ಅತ್ತಿಗೆಗೆ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ನಾಗಭೂಷಣ

ತಾ.ಕ.: ಆ ವಿಡಿಯೋವನ್ನು ನಿನ್ನೆ ಮೊದಲ ಸಲ ಕೊನೆಯವರೆಗೂ ನೋಡಿದೆ. ಯಾರೋ, "ಇಂಥ ಐಡಿಯಾ ಯಾರಿಗೆ ಹೊಳೀತ್ರೀ?" ಅಂತ ಕೇಳುತ್ತಾರೆ. ನೀನು, "ಇನ್ಯಾರಿಗೆ, ನಮ್ಮನೆಯವ್ರಿಗೇ" ಅನ್ನುತ್ತೀಯ. ಬೆರಳಿಗೆ ಬಟ್ಟೆ ಸುತ್ತಿಕೊಂಡು, "ರೀ, ಕುಂಕುಮದ ಭರಣಿ ಮುಚ್ಚಳದ ಥರ ಇದರ ತಳಾನೂ ತಿರುಗಿಸಿ ತೆಗೆಯೋ ಹಾಗಿದ್ರೆ?" ಅಂದವಳು ನೀನು. ನಾನು ಕೊರೆದದ್ದು ತಿರುಪಿನ ಥ್ರೆಡ್ಡು ಅಷ್ಟೇ. ವಿಡಿಯೋದಲ್ಲಿ ನಿನ್ನ ಪಕ್ಕದಲ್ಲೇ ನಿಂತಿದ್ದೇನೆ, ನಗುತ್ತಾ ಹೌದು ಹೌದು ಅಂತ ತಲೆ ಆಡಿಸುತ್ತಿದ್ದೇನೆ. ಆಮೇಲೆ ಅರ್ಜಿಯಲ್ಲಿ ಕಂಡುಹಿಡಿದವರ ಹೆಸರು ಕೇಳಿದ ಕಡೆ ನನ್ನೊಬ್ಬನ ಹೆಸರನ್ನೇ ಬರೆದೆ. ನೀನು ಅದನ್ನೂ ಓದಿದ್ದೆ, ಏನೂ ಅನ್ನಲಿಲ್ಲ. ಗುರುಚರಣ್ ಟೈಪು ಮಾಡಿದ ಕಾಗದದಲ್ಲಿ ಕದ್ದವಳು ಅಂತ ನಿನ್ನ ಹೆಸರಿತ್ತು. ಕದ್ದವನು ನಾನು, ಕೌಸಲ್ಯಾ.