ಒಡಪಿಗೆ ಬಂದ 142857

ಮೆಹದಿಪಟ್ಟಣಂ, ಹೈದರಾಬಾದ್
25 ಜುಲೈ 2001, ಬುಧವಾರ

ಪ್ರೀತಿಯ ಅಪ್ಪಾ,

ಅಜ್ಜಿ ಒಪ್ಪಿದರು, ನಾನು ಎಂ.ಎಸ್ಸಿ. ಗಣಿತಕ್ಕೆ ಸೇರುತ್ತಿದ್ದೇನೆ! ನಿಮ್ಮ ಮೊಣಕಾಲು ನೋವು ಹೇಗಿದೆ? ಅಮ್ಮ ಎಣ್ಣೆ ತಿಕ್ಕುತ್ತಾಳೋ, ಬರೀ ಬೈಯುತ್ತಾಳೋ? ನನಗೆ ಕುಣಿಯಬೇಕು ಅನ್ನಿಸುತ್ತಿದೆ.

ನಿನ್ನೆ ನನ್ನ ಮೊದಲ ಮಂಗಳಗೌರಿ. ಅರಿಷಿಣ ಕುಂಕುಮಕ್ಕೆ ಬಂದ ಹೆಂಗಸರು ನನ್ನನ್ನು ಬಾಗಿಲಲ್ಲೇ ತಡೆದು, ಒಡಪು ಹಾಕಿ ಗಂಡನ ಹೆಸರು ಹೇಳು ಎಂದರು. ಎರಡು ಸಾಲಿನ ಪದ್ಯ, ಅದರೊಳಗೆ ಹೆಸರು ಬರಬೇಕು. ಕಾನ್ವೆಂಟಿನಲ್ಲಿ ಇದನ್ನೆಲ್ಲಿ ಕಲಿಸುತ್ತಾರೆ ಅಪ್ಪಾ? ಇವರ ಅಜ್ಜಿ ಸುಂದರಾಬಾಯಿ, ಈ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು, ನನ್ನ ಸೀಟಿನ ವಿಷಯಕ್ಕೆ ವಾರದಿಂದ ಹೂಂ ಎಂದಿರಲಿಲ್ಲ, ಉಹೂಂ ಎಂದಿರಲಿಲ್ಲ. ಈಗ ಎಲ್ಲರೆದುರು ಹೇಳಿದರು: "ಗಂಡನ ಹೆಸರು ಹೇಳಾಕ ಬರಂಗಿಲ್ಲ, ಎಂ.ಎಸ್ಸಿ. ಓದ್ತಾಳಂತ. ಯಾರೂ ಹಾಕದ ಒಡಪು ಹಾಕು. ಹಾಕಿದ್ರ ಓದು, ಇಲ್ಲಂದ್ರ ಆ ಮಾತು ಇವತ್ತಿಗೆ ಬಿಡು."

ಊಟಕ್ಕೆ ಕೂತಾಗ ನೀವು ನನ್ನಿಂದ ಗುಣಾಕಾರ ಮಾಡಿಸುತ್ತಿದ್ದ ಸಂಖ್ಯೆಯೊಂದೇ ತಲೆಗೆ ಬಂತು. ಕಣ್ಣು ಮುಚ್ಚಿ ಹೇಳಿಬಿಟ್ಟೆ:

ಒಂದು ನಾಲ್ಕು ಎರಡು ಎಂಟು ಐದು ಏಳು, ಆರು ಹೆಜ್ಜೆ ಸುತ್ತಿದವು ಹಿಂದು ಮುಂದಾಗಿ,
ಏಳನೇ ಹೆಜ್ಜೆಗೆ ಎಲ್ಲಾ ಒಂಬತ್ತಾದವು, ನಚಿಕೇತರಾಯರು ನಡೆದರು ನನ್ನ ಜೋಡಿಯಾಗಿ.

ಯಾರಿಗೂ ಅರ್ಥವಾಗಲಿಲ್ಲ. ವಿವರಿಸಿದೆ: 142857ನ್ನು ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಆರರವರೆಗೂ ಅವೇ ಅಂಕಿಗಳು, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ. ಏಳರಿಂದ ಗುಣಿಸಿದರೆ ಬರೀ ಒಂಬತ್ತು. ಇವರು ಕ್ಯಾಲ್ಕುಲೇಟರ್ ತರಹೋದರೆ ಅಜ್ಜಿ ತಡೆದು, ಟ್ರೆಜರಿಯಲ್ಲಿ ನೌಕರಿ ಮಾಡುವ ಅತ್ತೆಯ ಕೈಗೆ ಸೀಮೆಸುಣ್ಣ ಕೊಟ್ಟರು. ಅತ್ತೆ ನೆಲದ ಮೇಲೆ ಗುಣಿಸುತ್ತಾ ಹೋದರು. ನಾಲ್ಕರವರೆಗೆ ಸರಿ. ಐದಕ್ಕೆ 714255 ಬಂತು.

"ಅಂಕಿ ಬ್ಯಾರೆ ಬಂದಾವಲ್ಲ," ಎಂದರು ಅಜ್ಜಿ.

ತಪ್ಪು ನನಗೆ ಕಾಣುತ್ತಿತ್ತು. ಏಳೈದಲೆ ಮೂವತ್ತೈದು, ಕೈಯಲ್ಲಿ ಉಳಿದ ಮೂರನ್ನು ಅತ್ತೆ ಸೇರಿಸಿರಲಿಲ್ಲ. ಮೊನ್ನೆ ಬಂದ ಸೊಸೆ ಅವರ ಗೆಳತಿಯರೆದುರು ಅದನ್ನು ಹೇಗೆ ಹೇಳಲಿ? ಹೇಳಿದರೆ ಅತ್ತೆಯ ಮುಖ, ಹೇಳದಿದ್ದರೆ ನನ್ನ ಸೀಟು. ಅವರ ಪಕ್ಕ ಕೂತು, ದನಿ ತಗ್ಗಿಸಿ ಅಂದೆ: "ಅತ್ತೀ, ಕೈಯಾಗಿನ ಮೂರು ನನ್ನ ಒಡಪು ಕೇಳ್ತಾ ಅಲ್ಲೇ ಕುಂತಾವ್ರಿ."

ಅವರು ನನ್ನನ್ನೇ ನೋಡಿದರು. ಅಪ್ಪಾ, ಆ ನೋಟ ಮುಗಿಯುವುದೇ ಇಲ್ಲ ಅನ್ನಿಸಿತು. ಆಮೇಲೆ ಅಂಗೈಯಿಂದ ಹತ್ತರ ಸ್ಥಾನದ ಐದನ್ನು ಒರೆಸಿ ಎಂಟು ಬರೆದರು. "ಆಫೀಸಿನಾಗ ಹಿಂಗ ಮಾಡಿದ್ರ ನನ್ನ ಮನಿಗೆ ಕಳಸ್ತಿದ್ರು," ಎಂದು ತಾವೇ ಮೊದಲು ನಕ್ಕರು. ಅಜ್ಜಿ ನಗಲಿಲ್ಲ, ಏಳನೆಯದನ್ನೂ ಮಾಡಿಸಿದರು. ಆರು ಒಂಬತ್ತುಗಳನ್ನು ಬೆರಳಿಟ್ಟು ನೋಡಿ, "ಓದು. ಮುಂದಿನ ಮಂಗಳವಾರಕ್ಕ ಹೊಸಾದು ಬೇಕು ಮತ್ತ," ಎಂದರು.

ನಿಮಗೂ ಅಮ್ಮನಿಗೂ ನಮ್ಮಿಬ್ಬರ ನಮಸ್ಕಾರ, ಮೊಣಕಾಲಿಗೆ ನನ್ನದೊಂದು ಮುದ್ದು.

ನಿಮ್ಮ
ದೀಪಾಲಿ

ತಾ.ಕ.: ಅಯ್ಯೋ, ಮುಖ್ಯವಾದದ್ದನ್ನೇ ಬರೆದಿಲ್ಲ. ಸೋಮವಾರ ಮೂಲ ಅಂಕಪಟ್ಟಿಗಳನ್ನು ಕೊಡದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಮದುವೆಯ ಗದ್ದಲದಲ್ಲಿ ನೀವು ಅವನ್ನು ಎಲ್ಲಿಟ್ಟಿರೋ, ಕಾಗದ ಓದಿದ ಕೂಡಲೇ ಹುಡುಕಿಡಿ. ಇವರಿಗೆ ರಜೆ ಇಲ್ಲ, ಒಬ್ಬಳೇ ಬರುತ್ತಿದ್ದೇನೆ. ಗುಲಬರ್ಗಾ ಸ್ಟೇಷನ್ನಿಗೆ ಬನ್ನಿ: ಶನಿವಾರ ಸಂಜೆ, ಹುಸೇನ್‌ಸಾಗರ್ ಎಕ್ಸ್‌ಪ್ರೆಸ್.