ಖಾಲಿ ಮನೆಯ ಸಪ್ಪಳ

ಅಂದೋಲಾದಲ್ಲಿರುವ ನನ್ನ ನೆಗೆಣ್ಣಿ ಶೈಲಶ್ರೀಗೆ ಶರಣು.

ನನ್ನ ಮಗಳು ಶಾಂಭವಿ ನರ್ಸ್ ಕೆಲಸಕ್ಕೆ ಸೇರಿದ ಊರಿಗೆ ಬಂದು ಎಂಟು ದಿನವಾಯಿತು. ಚಿನ್ನದ ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದ ಊರು. ಅವಳ ಬಾಡಿಗೆ ಮನೆ ಗಣಿ ಕೂಲಿಗಳಿದ್ದ ಸಾಲಿನಲ್ಲಿದೆ. ಎರಡೇ ಕೋಣೆ, ಮೇಲೆ ತಗಡು. ಅದರ ಬಗ್ಗೆ ನನ್ನ ತಕರಾರಿಲ್ಲ.

ದಿನಾ ಹತ್ತಕ್ಕೆ ಒಬ್ಬ ಗೈಡ್ ಪ್ರವಾಸಿಗರನ್ನು ತಂದು ನಮ್ಮ ಬಾಗಿಲ ಮುಂದೆ ನಿಲ್ಲಿಸುತ್ತಾನೆ. ಮೊನ್ನೆ ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಹಗ್ಗದ ಮೇಲೆ ನನ್ನ ಸೀರೆ ಒಣಗುತ್ತಿತ್ತು. ಅದರ ಪಕ್ಕದಲ್ಲೇ ನಿಂತು ಅವನು, "ಈ ಮನೆ ಖಾಲಿ. ಗಣಿಯಲ್ಲಿ ಸತ್ತವರು ಈಗಲೂ ಒಳಗೆ ಸುತ್ತಿಗೆ ಬಡೀತಾರೆ, ಕೇಳಿಸ್ಕೊಳ್ಳಿ" ಎಂದ. ನನ್ನ ಮೈಯೆಲ್ಲ ಉರಿಯಿತು. ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದೆ.

"ನಾ ಇನ್ನಾ ಸತ್ತಿಲ್ಲೋ ಯಪ್ಪಾ, ರೊಟ್ಟಿ ಬಡ್ಯಾಕತ್ತೇನಿ."

ಬಂದವರು ನಕ್ಕರು. ಅವನಿಗೆ ನಾಚಿಕೆಯೂ ಆಗಲಿಲ್ಲ. ಸಂಜೆ ಬಂದು, "ಅಮ್ಮಾ, ನಾಳೆಯೂ ಹತ್ತಕ್ಕೇ ಬಡೀರಿ, ಹೊರಗೆ ಮಾತ್ರ ಬರಬೇಡಿ" ಎಂದ. ಪಕ್ಕದ ಮನೆಯ ಅಜ್ಜಿಯ ಗಂಡ ಆ ಗಣಿಯಲ್ಲೇ ಸತ್ತವನು. ಆಕೆ ಕಟ್ಟೆಯ ಮೇಲೆ ಕೂತು ದಿನಾ ಈ ಕಥೆ ಕೇಳಬೇಕು.

ಅಂದಿನಿಂದ ಚಪಾತಿ ಲಟ್ಟಿಸುತ್ತಿದ್ದೇನೆ. ಅದು ನನಗೆ ಒಗ್ಗುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಹೊಟ್ಟೆ ಉಬ್ಬಿ ಕೂತಿದೆ, ಓಮಿನ ಕಾಳು ತಿನ್ನುತ್ತಿದ್ದೇನೆ. ಇಂದು ಅವನು ಎಲ್ಲರ ಮುಂದೆ ಕಿವಿಗೆ ಕೈ ಹಚ್ಚಿಕೊಂಡು ಬಹಳ ಹೊತ್ತು ನಿಂತಿದ್ದ. ಒಳಗಿನಿಂದ ಒಂದು ಸಪ್ಪಳವೂ ಬರಲಿಲ್ಲ.

ಜೋಳದ ಹಿಟ್ಟು ಕಳಿಸಬೇಡ. ಗೋಧಿಯದೇ ಇರಲಿ.

ನಿನ್ನ ಅಕ್ಕ
ಶಿವಕಾಂತಾ