ಭಾನುವಾರ ಕರೆಂಟ್ ಇಲ್ಲ

ಬೋವಿಕಾನ
11.10.2011, ಮಂಗಳವಾರ

ಪ್ರೀತಿಯ ತಮ್ಮ ಸುಜನ್,

ಅಣ್ಣನ ಆಶೀರ್ವಾದ. ನಡುಸಮುದ್ರದಲ್ಲಿ, ಎಣ್ಣೆಬಾವಿಯ ಆ ಕಬ್ಬಿಣದ ಅಟ್ಟದ ಮೇಲೆ ನಿನ್ನ ಆರೋಗ್ಯ ಹೇಗುಂಟು? ಬೆನ್ನುನೋವು ಕಡಿಮೆಯಾಯಿತೇ? ಅಮ್ಮ ಚೆನ್ನಾಗಿದ್ದಾರೆ. ಅಲ್ಲಿ ಕುಚ್ಚಲಕ್ಕಿ ಅನ್ನ ಸಿಗುತ್ತದೋ ಎಂದು ದಿನಾ ಕೇಳುತ್ತಾರೆ. ಸಿಗುತ್ತದೆ ಎಂದು ನಾನೇ ಹೇಳಿಬಿಟ್ಟಿದ್ದೇನೆ, ನೀನು ಬಂದಾಗ ನನ್ನ ಮಾತನ್ನು ಸುಳ್ಳುಮಾಡಬೇಡ. ನೆರೆಮನೆಯ ಲೋಕನಾಥ ನಾಳೆ ಅಬುಧಾಬಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಉಪ್ಪಿನಕಾಯಿಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ನಿಮ್ಮ ಕಂಪೆನಿಯ ಆಫೀಸಿಗೆ ಮುಟ್ಟಿಸಿದರೆ ಶುಕ್ರವಾರದ ಬೋಟಿನಲ್ಲಿ ನಿನಗೆ ಸಿಗುತ್ತದಂತೆ.

ಇನ್ನು ನಮ್ಮ ಸರ್ವರಿನ ಸಂಗತಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ನೀನು ಕೂರಿಸಿಹೋದ ಆ ಪೆಟ್ಟಿಗೆಯಿಂದಲೇ ಊರಿನ ಮನೆಗಳಿಗೆ ಇಂಟರ್‌ನೆಟ್ ಹೋಗುವುದು, ಅದರಿಂದಲೇ ನನ್ನ ಮನೆಯ ಒಲೆ ಉರಿಯುವುದು. ಅದನ್ನು ಓಡಿಸುವ ಲಿನಕ್ಸ್ ತಂತ್ರಾಂಶ ಹಳತಾಯಿತು, ಹೊಸದಕ್ಕೆ ಏರಿಸಬೇಕು ಎಂದು ನೀನು ಹೇಳಿದಾಗ ಆಯುಧಪೂಜೆಯ ದಿನ ಮಾಡು ಎಂದವನು ನಾನು. ಯಂತ್ರಗಳೆಲ್ಲ ಸುಮ್ಮನಿರುವ ದಿನ, ಗಿರಾಕಿಗಳು ಬೈಯುವುದಿಲ್ಲ ಎಂಬುದು ನನ್ನ ಲೆಕ್ಕ. ನೀನು ಅಬುಧಾಬಿಯ ರೂಮಿನಲ್ಲಿ ಕೂತು, ಓಡುವ ಬಸ್ಸಿನ ಎಂಜಿನ್ ಬದಲಿಸುವ ಹಾಗೆ, ಸರ್ವರ್ ನಿಲ್ಲಿಸದೆಯೇ ಕೆಲಸ ಶುರುಮಾಡಿದೆ. "ಅಣ್ಣಾ, ಸರ್ವರನ್ನು ಯಾರೂ ಮುಟ್ಟಬಾರದು" ಎಂದೆ. ಯಾರೂ ಮುಟ್ಟಲಿಲ್ಲ. ನಿನ್ನ ಅತ್ತಿಗೆ ಜಲಜಾಕ್ಷಿ ಮುಟ್ಟಿದ್ದು, ನೀನು ಅಲ್ಲಿಂದ ಸರ್ವರಿನೊಳಗೆ ಬರುವ ದಾರಿಯಾದ ಮೋಡೆಮನ್ನು. ಅದನ್ನು ಬಿಚ್ಚಿ, ಒರೆಸಿ, ಕುಂಕುಮ ಹಚ್ಚಿ, ಕತ್ತಿ ಹಾರೆಗಳ ಸಾಲಿನಲ್ಲಿ ದೇವರ ಮುಂದೆ ಇಟ್ಟುಬಿಟ್ಟಳು. ಎಂತ ಮಾಡಿದೆ ಎಂದು ಕೇಳಿದರೆ, "ವರ್ಷವಿಡೀ ಮಿಣಿಮಿಣಿ ಮಾಡ್ತದಲ್ಲ, ಅದಕ್ಕೂ ಒಂದು ದಿನ ರಜೆ ಬೇಡವಾ?" ಎಂದಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಎತ್ತಬಾರದೆಂದು ಅಮ್ಮ ಬಾಗಿಲಲ್ಲೇ ಕೂತರು. ಪೇಟೆಯಲ್ಲಿ ಯಾರಿಗೂ ಬಗ್ಗದ ನಾನು ಆ ಇಬ್ಬರ ಮುಂದೆ ಕೈಮುಗಿದು ಪ್ರಸಾದ ತೆಗೆದುಕೊಂಡೆ. "ಕೆಲಸ ಅರ್ಧಕ್ಕೆ ಕಡಿದುಹೋಯಿತು. ಆಫ್ ಮಾತ್ರ ಮಾಡಬೇಡಿ" ಎಂದು ನೀನು ಅಂದು ಸಂಜೆ ಫೋನ್ ಮಾಡಿದೆಯಲ್ಲ, ಮರುದಿನ ಮೋಡೆಮ್ ಸಿಕ್ಕಿಸುವಷ್ಟರಲ್ಲಿ ನೀನು ಬೋಟು ಹತ್ತಿಯಾಗಿತ್ತು.

ಕಾಸರಗೋಡಿನಿಂದ ಕಂಪ್ಯೂಟರ್ ರಿಪೇರಿಯ ಕೃಷ್ಣಕುಮಾರನನ್ನು ಕರೆಸಿದೆ. ಅವನು ಪರದೆ ನೋಡಿ, "ಪ್ರೇಮಣ್ಣಾ, ಈಗ ಓಡುವುದು ಹಳೆಯದರ ಉಸಿರು ಮಾತ್ರ. ಡಿಸ್ಕಿನಲ್ಲಿ ಅರ್ಧ ಹಳತು, ಅರ್ಧ ಹೊಸತು ಉಂಟು. ಒಮ್ಮೆ ನಿಂತರೆ ಮತ್ತೆ ಏಳುವುದು ಕಷ್ಟ ಮಾರಾಯ್ರೆ" ಎಂದ. ನನ್ನ ತಮ್ಮ ಎಲ್ಲದಕ್ಕೂ ಪ್ರತಿ ತೆಗೆದಿಟ್ಟಿದ್ದಾನೆ ಎಂದು ಎದೆಯುಬ್ಬಿಸಿ ಹೇಳಿದೆ. ಎಲ್ಲಿ ಎಂದು ಕೇಳಿದ. ಅದೇ ಪೆಟ್ಟಿಗೆಯೊಳಗೆ ಎಂದೆ. ಅವನು ನಕ್ಕ. ಕಪಾಟಿನ ಎರಡನೇ ಬೀಗದ ಕೈಯನ್ನೂ ಕಪಾಟಿನೊಳಗೇ ಇಟ್ಟಿದ್ದೀಯಲ್ಲ, ಬುದ್ಧಿವಂತ! ಇರಲಿ. ನಿಲ್ಲುವ ಮೊದಲೇ ಉಳಿದರ್ಧ ಮುಗಿಸಿದರೆ ಬದುಕುತ್ತದಂತೆ, ಅವನೇ ಮುಗಿಸಿಕೊಡುತ್ತಾನಂತೆ. ಆದರೆ ಅದಕ್ಕೆ ಯಜಮಾನನ ಪಾಸ್‌ವರ್ಡ್ ಬೇಕು. ಅಂಗಡಿಯ ಯಜಮಾನ ನಾನು; ಪಾಸ್‌ವರ್ಡ್ ಇರುವುದು ನಿನ್ನ ತಲೆಯಲ್ಲಿ.

ಈಗ ಕರೆಂಟಿನವರು ಚೀಟಿ ಅಂಟಿಸಿದ್ದಾರೆ. ತಂತಿ ಬದಲಿಸಲು ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟ್ ಇಲ್ಲ. ನಮ್ಮ ಬ್ಯಾಟರಿ ಮಧ್ಯಾಹ್ನ ಕಾಣುವುದಿಲ್ಲ. ಜನರೇಟರ್ ಹುಡುಕಿಕೊಂಡು ಹೋದರೆ, ಅದೇ ಚೀಟಿ ಓದಿದ ಮದುವೆ ಮನೆಯವರು ನನಗಿಂತ ಮೊದಲೇ ಎಲ್ಲವನ್ನೂ ಹಿಡಿದಿಟ್ಟಿದ್ದಾರೆ. ಆಚೆಮನೆಯ ತುಂಗಕ್ಕ ದಿನಾ ನಮ್ಮ ನೆಟ್ಟಿನಲ್ಲೇ ಮಸ್ಕತ್ತಿನ ಮೊಮ್ಮಗುವಿನ ಮುಖ ನೋಡುವುದು. "ನಿನ್ನ ಮೆಷಿನ್ ಗಟ್ಟಿ ಉಂಟಲ್ಲ ಪ್ರೇಮಾ?" ಎಂದು ಇವತ್ತು ಕೇಳಿದರು. ಉಂಟು ಎಂದೆ. ನಾನೀಗ ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದೇನೆ. ಕೂತು ಮಾಡುವುದು ಎಂತದೂ ಇಲ್ಲ. ಫ್ಯಾನ್ ತಿರುಗುವ ಸದ್ದು ಕೇಳುತ್ತೇನೆ, ಅಷ್ಟೆ.

ಬಿಸಿಲಿಗೆ ತಲೆಯೊಡ್ಡಬೇಡ. ಅಮ್ಮನ ಆಶೀರ್ವಾದ, ಅತ್ತಿಗೆಯ ನೆನಪುಗಳು. ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ನಿನ್ನ ಹೆಸರಿಗೂ ಒಂದು ಹೂವು ಇಟ್ಟಿದ್ದಾಳೆ.

ನಿನ್ನ ಅಣ್ಣ,
ಪ್ರೇಮನಾಥ

ತಾ.ಕ.: ಲೋಕನಾಥ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಮನೆಯಲ್ಲಿ ಸಾವಾದರೆ ಮಾತ್ರ ನಿಮ್ಮನ್ನು ಫೋನಿಗೆ ಕರೆಯುವುದಂತೆ. ಹಾಗಾಗಿ ಶನಿವಾರ ಬೆಳಿಗ್ಗೆ ಹೊನ್ನಯ್ಯ ಮಾವ ತೀರಿಕೊಂಡರೆಂದು ಹೇಳಲಿದ್ದೇನೆ. ಅವರು ಹೋಗಿ ಎಷ್ಟೋ ವರ್ಷವಾಯಿತು, ಆದ್ದರಿಂದ ಪೂರ್ತಿ ಸುಳ್ಳೂ ಅಲ್ಲ, ಯಾರಿಗೂ ಅಪಶಕುನವೂ ಅಲ್ಲ. ನೀನು ಅಳಬೇಡ. ಫೋನ್ ಸಿಕ್ಕಿದ ಕೂಡಲೇ ಮೊದಲು ಪಾಸ್‌ವರ್ಡ್ ಹೇಳು, ಕ್ಷೇಮಸಮಾಚಾರ ಆಮೇಲೆ. ಅದು ನನ್ನೆದುರು ಹೇಳಲು ನಾಚಿಕೆಯಾಗುವ ಹೆಸರಾಗಿದ್ದರೆ ಅತ್ತಿಗೆಗೆ ಹೇಳು. ನಾನು ಅಂಗಡಿಯ ಹೊರಗೆ ನಿಂತಿರುತ್ತೇನೆ.